ಪೀಪಾಯಿಗಳ ಮನೆಯಲ್ಲಿ ಒದ್ದೆ ಮನುಷ್ಯ

ಶಕುನ, ಕನಸು, ಮುನ್ಸೂಚನೆ ಇಂಥವನ್ನು ನಾನು ನಂಬಿದವನಲ್ಲ. ಅದಕ್ಕೆ ನನ್ನ ಓದು ಕಾರಣವಲ್ಲ, ನಾನು ಕೂತಿದ್ದ ಮೇಜು ಕಾರಣ. ಕೊಟ್ಟೂರಿನ ಅಂಚೆ ಕಚೇರಿಯಲ್ಲಿ ತಂತಿ ಬರೆದುಕೊಳ್ಳುವುದು, ಬಂದ ತಂತಿಯನ್ನು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಸಾವಿನ ತಂತಿ ಓದಿದಾಗ ಬಹಳ ಮಂದಿ ಒಂದೇ ಮಾತು ಹೇಳುತ್ತಿದ್ದರು: "ನಿನ್ನಿಯಿಂದ ನನ್ನ ಎಡಗಣ್ಣು ಹಾರಾಕತ್ತಿತ್ತು ನೋಡ್ರಿ." ನಾನು ಮುಖದ ಮೇಲೆ ಮರುಕ ತಂದುಕೊಳ್ಳುತ್ತಿದ್ದೆ. ಒಳಗೊಳಗೆ ಮಾತ್ರ, ಕಣ್ಣು ಹಾರಿಯೂ ತಂತಿ ಬಾರದ ದಿನಗಳನ್ನು ಈ ಮನುಷ್ಯ ಲೆಕ್ಕ ಇಟ್ಟಿದ್ದಾನೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಸ್ವಲ್ಪ ಸೊಕ್ಕೂ ಇತ್ತು ಅನ್ನಿ.

ಈಗ ಹೇಳಲಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಇಷ್ಟು ವರ್ಷ ಇದನ್ನು ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಅವರಲ್ಲಿ ಒಬ್ಬ ಈಗಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಂಚೆ, ತಂತಿ, ಟೆಲಿಫೋನು ಎಲ್ಲ ಒಂದೇ ಇಲಾಖೆಯಲ್ಲಿದ್ದ ಕಾಲ. ರಜೆ ಪ್ರಯಾಣದ ಸವಲತ್ತು ಬಳಸಿಕೊಂಡು ಗೋವಾ ನೋಡಿ ಬರೋಣವೆಂದು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರುಗಳ ನಾವು ಎಂಟು ಜನ ಹೊರಟೆವು. ನಮ್ಮಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಆ ಎಂಟು ಜನರಲ್ಲಿ ನನ್ನನ್ನು ಬಿಟ್ಟು ಮೂವರ ಪರಿಚಯ ನಿಮಗೆ ಬೇಕು.

ಮೊದಲನೆಯವನು ಹುಲುಗಪ್ಪ. ಹಡಗಲಿಯಲ್ಲಿ ಟೆಲಿಫೋನ್ ಲೈನ್‌ಮನ್. ಊರು ಮಾಗಳ, ಅಂಬಿಗರ ಮನೆತನ. ಅವನಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಇವನು ಕಂಬ ಹತ್ತುವ ಕೆಲಸಕ್ಕೆ ಸೇರಿದರೂ ಹೊಳೆ ತುಂಬಿದಾಗ ಈ ದಡದಿಂದ ಆ ದಡಕ್ಕೆ ಈಜುವುದನ್ನು ಬಿಟ್ಟಿರಲಿಲ್ಲ. ನನಗೆ ಅವನು ಇಲಾಖೆಯ ತರಬೇತಿಯಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ. ನಾವಿಬ್ಬರೂ ಲೇ ಎಂದೇ ಮಾತಾಡುತ್ತಿದ್ದೆವು. ಇನ್ನಿಬ್ಬರು ಸಿದ್ದಣ್ಣ ಮತ್ತು ಅವನ ಹೆಂಡತಿ ಶಿವಲೀಲಾ. ಸಿದ್ದಣ್ಣ ಉಜ್ಜಿನಿಯವನು, ನಮ್ಮ ಕಚೇರಿಯಲ್ಲೇ ಗುಮಾಸ್ತ, ನನಗಿಂತ ಆರೇಳು ವರ್ಷ ಚಿಕ್ಕವನು. ಮದುವೆಯಾಗಿ ಆರು ತಿಂಗಳಾಗಿತ್ತು. ಆಕೆ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಕಾಲು ಕಚ್ಚುತ್ತಿದ್ದರೂ ಗಂಡ ಹೊಸಪೇಟೆಯಲ್ಲಿ ಕೊಡಿಸಿದ್ದೆಂದು ಬಿಚ್ಚುತ್ತಿರಲಿಲ್ಲ.

ಹೊಸಪೇಟೆಯಲ್ಲಿ ರೈಲು ಹತ್ತಿ ಮಡಗಾಂವದಲ್ಲಿ ಇಳಿದೆವು. ಮರುದಿನ ಬೆಳಿಗ್ಗೆ ಒಂದು ಪ್ರವಾಸಿ ಬಸ್ಸು ಹಿಡಿದೆವು. ಬೆಳಿಗ್ಗೆ ಒಂದು ಸಮುದ್ರ ತೀರ, ಮಧ್ಯಾಹ್ನಕ್ಕೆ ದ್ರಾಕ್ಷಿಯ ಮದ್ಯ ತಯಾರಿಸುವ ಜಾಗ, ಆಮೇಲೆ ಇನ್ನೊಂದು ತೀರ, ಸಂಜೆಗೆ ವಾಪಸು. ಬಸ್ಸಿನಲ್ಲಿ ಬೇರೆ ಊರಿನವರೂ ಇದ್ದರು. ನಮ್ಮ ಗೈಡ್ ಆಂತೋನ್ ಎಂಬುವನು, ಕಾರವಾರದಲ್ಲಿ ಬೆಳೆದವನಾದ್ದರಿಂದ ಕನ್ನಡ ಬಲ್ಲವನು. ಒಂದು ಸಣ್ಣ ಕೆಂಪು ಬಾವುಟ ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದ.

ಬೆಳಗಿನ ತೀರದಲ್ಲಿ ನಾವು ಬರೀ ನಿಂತು ನೋಡಿದೆವು. ಬಯಲುಸೀಮೆಯ ಕಣ್ಣಿಗೆ ಅಷ್ಟು ನೀರು ಒಗ್ಗಲು ಹೊತ್ತು ಬೇಕು. ಶಿವಲೀಲಾ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಖರೇನ ಉಪ್ಪೈತ್ರಿ!" ಎಂದು ನಕ್ಕಳು. ಹುಲುಗಪ್ಪ ಈಜಲು ತುದಿಗಾಲಲ್ಲಿದ್ದ. ಆದರೆ ಆಂತೋನ್, "ಊಟ ಆದ ಮೇಲೆ ಹೋಗುವ ತೀರದಲ್ಲಿ ಸಿಹಿನೀರಿನ ಬಾವಿ ಉಂಟು, ಅಲ್ಲಿ ಇಳೀರಿ, ಮೈ ತೊಳ್ಕೊಳ್ಳಲಿಕ್ಕಾಗ್ತದೆ" ಎಂದ. ಹಾಗಾಗಿ ಬೆಳಿಗ್ಗೆ ಯಾರೂ ನೀರಿಗಿಳಿಯಲಿಲ್ಲ. ಇದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು. ಹುಲುಗಪ್ಪನ ಪಾದ ಕೂಡ ಒದ್ದೆಯಾಗಿರಲಿಲ್ಲ.

ಮದ್ಯ ತಯಾರಿಸುವ ಜಾಗವೆಂದರೆ ಹಂಚು ಹೊದಿಸಿದ ಹಳೆಯ ದೊಡ್ಡ ಮನೆ. ಹಿಂದುಗಡೆ ನಾಲ್ಕು ಮೆಟ್ಟಿಲು ಇಳಿದರೆ ಕಲ್ಲಿನ ಉದ್ದನೆಯ ಕೋಣೆ. ಎರಡೂ ಕಡೆ ಎದೆಯೆತ್ತರದ ಮರದ ಪೀಪಾಯಿಗಳು. ಎರಡೇ ಬಲ್ಬು. ಒಳಗೆ ತಂಪಾಗಿತ್ತು, ಹಳಸಿದ ಹಣ್ಣಿನ ಹುಳಿ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ದ್ರಾಕ್ಷಿ ಘಟ್ಟದ ಮೇಲಿನಿಂದ, ನಮ್ಮ ಕಡೆಯಿಂದಲೇ ಬರುತ್ತದೆಂದು ಆಂತೋನ್ ವಿವರಿಸುತ್ತಿದ್ದ. ಸಿದ್ದಣ್ಣ ಕೊರಳಲ್ಲಿದ್ದ ಲಿಂಗವನ್ನು ಅಂಗಿಯ ಒಳಗೆ ಸರಿಸಿಕೊಂಡು, "ನಾವು ಮೂಗಿನಿಂದ ಕುಡದ್ರ ಸಾಕಲ್ರಿ ಅಣ್ಣಾರ" ಎಂದು ನನ್ನ ಕಿವಿಯಲ್ಲಿ ಹೇಳಿದ. ನೋಡಲು ಬಂದವರಿಗೆ ರುಚಿಗೆಂದು ಕೊಡುವ ಸಣ್ಣ ಲೋಟಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸುತ್ತಿದ್ದರು. ನಾನಿನ್ನೂ ಒಂದನ್ನೂ ಮುಟ್ಟಿರಲಿಲ್ಲ.

ಎಲ್ಲರೂ ಮೇಜಿನ ಕಡೆ ಸರಿದಾಗ ನಾನು ಪೀಪಾಯಿಗಳನ್ನು ನೋಡುತ್ತ ಹಿಂದೆ ಉಳಿದೆ. ಕೋಣೆಯ ಆ ತುದಿಯಲ್ಲಿ, ಕೊನೆಯ ಪೀಪಾಯಿಯ ಪಕ್ಕ ಹುಲುಗಪ್ಪ ನಿಂತಿದ್ದ. ಎದೆಯಿಂದ ಕೆಳಗೆ ಮೈಗೆ ಪೀಪಾಯಿ ಅಡ್ಡವಾಗಿತ್ತು, ಒಂದು ಮೊಣಕೈ ಮಾತ್ರ ಈಚೆ ಕಾಣುತ್ತಿತ್ತು. ಅವನ ತಲೆಗೂದಲು ಹಣೆಗೆ ಅಂಟಿಕೊಂಡಿತ್ತು. ನೀಲಿ ಅಂಗಿ ಮೈಗೆ ಮೆತ್ತಿಕೊಂಡು ಕಪ್ಪಾಗಿ ಕಾಣುತ್ತಿತ್ತು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಹನಿ ಕಲ್ಲಿನ ಮೇಲೆ ಬೀಳುವ ಸದ್ದನ್ನೂ ನಾನು ಕೇಳಿದೆ. ಕಣ್ಣು ನನ್ನ ಕಡೆಗಿದ್ದವು, ಆದರೆ ಅವನು ನನ್ನನ್ನು ನೋಡುತ್ತಿರಲಿಲ್ಲ.

"ಹುಲುಗ್ಯಾ, ಎಲ್ಲಿ ನೆಂದಿಲೇ?" ಎಂದೆ.

ಅಷ್ಟರಲ್ಲಿ ಅಲ್ಲಿ ನೆಲ ತೊಳೆಯುವ ಒಬ್ಬ ಮುದುಕಿ ಗೋಣಿಚೀಲ ಹಿಡಿದು ಬಂದಳು. ತನ್ನ ಭಾಷೆಯಲ್ಲಿ ಏನೋ ಗೊಣಗಿದಳು. ಮಳೆಯಲ್ಲಿ ನೆಂದು ಬಂದವರ ಕಾಲಿಗೆ ಹಾಸುವಂತೆ ಆ ಚೀಲವನ್ನು ಅವನ ಕಾಲ ಬಳಿ ಹಾಸಿ ಹೋದಳು. ಬಾಗಿಲ ಕಡೆಯಿಂದ ಯಾರೋ ಜೋರಾಗಿ ನಕ್ಕರು. ನಾನು ಆ ಕಡೆ ತಿರುಗಿ ಮತ್ತೆ ನೋಡಿದಾಗ ಹುಲುಗಪ್ಪ ನನ್ನ ಕಡೆಗೇ ನಡೆದು ಬರುತ್ತಿದ್ದ. ಕೂದಲು ಒಣಗಿತ್ತು. ಅಂಗಿ ಗರಿಗರಿಯಾಗಿತ್ತು.

"ಯಾಕಲೇ ಹಂಗ ನೋಡಾಕತ್ತಿ? ದೆವ್ವ ಕಂಡಂಗ?" ಎಂದ.

ಅವನ ತೋಳು ಹಿಡಿದು ನೋಡಿದೆ. ಒಣ ಬಟ್ಟೆ. ಹೊರಗೆ ಬಂದ ಮೇಲೆ ಆಂತೋನನನ್ನು ಪಕ್ಕಕ್ಕೆ ಕರೆದು, ಆ ಅಜ್ಜಿ ಏನಂದಳೆಂದು ವಿಚಾರಿಸು ಎಂದೆ. ಅವನು ಹೋಗಿ ಕೇಳಿ ಬಂದು ನಕ್ಕ. "ಒದ್ದೆ ಮನುಷ್ಯನನ್ನು ಯಾಕೆ ಒಳಗೆ ಕರ್ಕೊಂಡು ಬಂದ್ರಿ, ನೆಲ ಎಲ್ಲ ಉಪ್ಪುನೀರು ಆಯ್ತು ಹೇಳ್ತಾಳೆ. ಅವಳಿಗೆ ಕಣ್ಣು ಸರಿ ಇಲ್ಲ, ನೀವು ಬೇಜಾರು ಮಾಡ್ಕೊಳ್ಬೇಡಿ."

ಊಟವಾಯಿತು. ಬಸ್ಸು ಎರಡನೆಯ ತೀರದ ಕಡೆ ಹೊರಟಿತು. ಹುಲುಗಪ್ಪ ಮುಂದಿನ ಸೀಟಿನಲ್ಲಿ ಕೂತು, ಅಲೆಯನ್ನು ಹೊಳೆಯ ಸೆಳವಿಗೆ ಹೋಲಿಸಿ ಯಾರಿಗೋ ಪಾಠ ಹೇಳುತ್ತಿದ್ದ. ನನಗೆ ಒಂದೇ ಅರ್ಥ ಹೊಳೆದಿತ್ತು. ಇವನು ಇವತ್ತು ನೀರಿಗಿಳಿದರೆ ವಾಪಸು ಬರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅಷ್ಟು ವರ್ಷ ಎಲ್ಲರ ಎಡಗಣ್ಣುಗಳನ್ನು ಗೇಲಿ ಮಾಡಿದ ನಾನು, ನಿನ್ನನ್ನು ಒದ್ದೆ ಬಟ್ಟೆಯಲ್ಲಿ ಕಂಡೆ ಎಂದು ಹೇಗೆ ಹೇಳಲಿ? ಹೇಳಿದರೂ ಅವನು ನಗುತ್ತಿದ್ದ, ನಗುತ್ತಲೇ ಇಳಿಯುತ್ತಿದ್ದ.

ಎರಡನೆಯ ತೀರ ನಿರ್ಜನವಾಗಿತ್ತು. ಬಸ್ಸು ನಿಂತ ಕೂಡಲೇ ಆಂತೋನ್ ಎಲ್ಲರಿಗೂ ಕೇಳುವಂತೆ, "ಈಜು ಗೊತ್ತಿಲ್ಲದವರು ಮೊಣಕಾಲಿಗಿಂತ ಮೇಲೆ ಹೋಗ್ಬೇಡಿ, ಇಲ್ಲಿ ಸೆಳೆತ ಉಂಟು" ಎಂದ. ಹುಲುಗಪ್ಪ ಆಗಲೇ ಅಂಗಿ ಬಿಚ್ಚಿ ಟವೆಲ್ ಸುತ್ತಿಕೊಂಡು ನಿಂತಿದ್ದ. ನಾನು ಎದೆ ಹಿಡಿದುಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಏನಾತಲೇ?"

"ಎದಿ ಹಿಡದಂಗ ಆಗಾಕತ್ತೈತಿ. ಉಸಿರು ಬರವಲ್ದು."

ನನಗೆ ಏನೂ ಆಗಿರಲಿಲ್ಲ.

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಅಂಗಿ ಮತ್ತೆ ತೊಟ್ಟ. ಪ್ಯಾಂಟು ಏರಿಸಿ ನನ್ನ ರಟ್ಟೆ ಹಿಡಿದೆತ್ತಿದ. ತೆಂಗಿನ ತೋಪಿನಾಚೆ ರಸ್ತೆ ಬದಿಯಲ್ಲಿ ಒಬ್ಬ ಡಾಕ್ಟರು ಕೂರುತ್ತಾರೆಂದು ಆಂತೋನ್ ಹೇಳಿದ. ಸಿದ್ದಣ್ಣ ಓಡಿ ಬಂದು ನನ್ನ ಇನ್ನೊಂದು ರಟ್ಟೆ ಹಿಡಿದ.

"ಅಣ್ಣಾರ, ನಾನೂ ಬರ್ತೀನ್ರಿ."

"ಬ್ಯಾಡೋ ತಮ್ಮಾ. ಹುಲುಗ್ಯಾ ಅದಾನಲ್ಲ. ಆಕೀನ ಕರ್ಕೊಂಡು ಹೋಗು, ಇಷ್ಟು ದೂರ ಬಂದೀರಿ, ಸಮುದ್ರ ನೋಡ್ರಿ" ಎಂದೆ.

ಈ ಮಾತನ್ನು ನಾನೇ ಆಡಿದೆ. ಯಾರೂ ನನ್ನಿಂದ ಆಡಿಸಲಿಲ್ಲ.

ಡಾಕ್ಟರ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಹುಲುಗಪ್ಪ ಸೋಡಾ ಕುಡಿಸಿದ, ಬೆನ್ನು ತಿಕ್ಕಿದ. "ವಾಯು ಇರಬೇಕಲೇ, ಹೆದರಬ್ಯಾಡ. ಒಂದು ತೇಗು ಬಂತಂದ್ರ ಸರಿ ಹೋಕ್ಕೈತಿ" ಎನ್ನುತ್ತಿದ್ದ. ಸಮುದ್ರದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನ ದೊಡ್ಡ ಅಂಗೈ ನನ್ನ ಬೆನ್ನ ಮೇಲಿದ್ದಾಗ ನನಗಾದ ಸಮಾಧಾನವನ್ನು ಈಗ ನೆನೆದರೆ ಮೈ ಉರಿಯುತ್ತದೆ. ಗೆದ್ದೆ ಎಂದುಕೊಂಡೆ. ಇನ್ನೊಂದು ಗಂಟೆ ಹೀಗೇ ಹಿಡಿದಿಟ್ಟರೆ ಬಸ್ಸು ಹೊರಡುತ್ತದೆ, ಇವನು ಮಾಗಳ ಸೇರುತ್ತಾನೆ ಎಂದು ಲೆಕ್ಕ ಹಾಕಿದೆ.

ತೋಪಿನೊಳಗಿಂದ ನಮ್ಮ ಗುಂಪಿನವರೊಬ್ಬರು ಕೂಗುತ್ತ ಓಡಿ ಬಂದರು. "ಹುಲುಗಪ್ಪ, ಬಾರೋ! ಸಿದ್ದಣ್ಣ ಹೋದ! ನೀರಾಗ ಹೋದ!"

ಹುಲುಗಪ್ಪ ಓಡಿದ. ನಾನೂ ಎದೆನೋವು ಮರೆತು ಅವನ ಹಿಂದೆ ಓಡಿದೆ. ಅದನ್ನು ಅವನು ಆಗ ಗಮನಿಸಲಿಲ್ಲ.

ಆದದ್ದು ಇಷ್ಟು. ಶಿವಲೀಲಾ ಚಪ್ಪಲಿ ಬಿಚ್ಚಿ ಮರಳ ಮೇಲಿಟ್ಟು ಗಂಡನೊಂದಿಗೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಒಂದು ದೊಡ್ಡ ಅಲೆ ಬಂದು ಒಂದು ಚಪ್ಪಲಿಯನ್ನು ಎಳೆದುಕೊಂಡು ಹೋಯಿತು. ಸಿದ್ದಣ್ಣ ನಗುತ್ತ ಅದರ ಹಿಂದೆ ಹೋದ. ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಕಾಲಡಿಯ ಮರಳು ಜಾರಿತು. ಅವನು ಎರಡು ಸಲ ಕೈ ಎತ್ತಿದನಂತೆ. ಆಂತೋನ್ ನೀರಿಗೆ ಬಿದ್ದು ಸ್ವಲ್ಪ ದೂರ ಹೋಗಿ, ತಾನೇ ಉಸಿರು ಕಟ್ಟಿ ವಾಪಸು ಬಂದಿದ್ದ. ಉಳಿದವರಾರಿಗೂ ಈಜು ಬರುತ್ತಿರಲಿಲ್ಲ. ಬರುವವನೊಬ್ಬನನ್ನು ನಾನು ಸೋಡಾ ಅಂಗಡಿಯಲ್ಲಿ ಕೂರಿಸಿಕೊಂಡಿದ್ದೆ.

ಹುಲುಗಪ್ಪ ತೊಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದ. ಅವನು ಮುಳುಗುವುದು, ಏಳುವುದು, ಮತ್ತೆ ಮುಳುಗುವುದು ಕಾಣುತ್ತಿತ್ತು. ಆ ಹೊತ್ತು ಎಷ್ಟೆಂದು ನಾನು ಹೇಳಲಾರೆ. ಕಡೆಗೆ ಸಿದ್ದಣ್ಣನನ್ನು ಎರಡು ಕೈಯಲ್ಲಿ ಹೊತ್ತು ಬಂದು ಮರಳ ಮೇಲೆ ಮಲಗಿಸಿದ. ಹೊಟ್ಟೆ ಒತ್ತಿದರು, ಬಾಯಿಗೆ ಬಾಯಿಟ್ಟು ಊದಿದರು. ಶಿವಲೀಲಾ ಕೂಗಲಿಲ್ಲ. ಉಳಿದಿದ್ದ ಒಂದು ಚಪ್ಪಲಿಯನ್ನು ಎದೆಗೆ ಅವುಚಿಕೊಂಡು, "ಏಳ್ರಿ, ಬಸ್ಸು ಹೋಕ್ಕೈತಿ, ಏಳ್ರಿ" ಎನ್ನುತ್ತಿದ್ದಳು.

ಆಗ ಹುಲುಗಪ್ಪ ಎದ್ದು ನಿಂತ. ನಾನು ಅವನನ್ನು ನೋಡಿದೆ. ಕೂದಲು ಹಣೆಗೆ ಅಂಟಿತ್ತು. ನೀಲಿ ಅಂಗಿ ಮೈಗೆ ಮೆತ್ತಿ ಕಪ್ಪಾಗಿತ್ತು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ನನ್ನ ಕಡೆಗಿದ್ದವು, ಅವನು ನನ್ನನ್ನು ನೋಡುತ್ತಿರಲಿಲ್ಲ. ಪೀಪಾಯಿಗಳ ನಡುವೆ ನಾನು ಕಂಡವನು ಇವನೇ.

ಉಜ್ಜಿನಿಗೆ ತಂತಿ ಕೊಡಬೇಕಿತ್ತು. ಆ ಊರಿನ ತಂತಿ ನಮ್ಮ ಕೊಟ್ಟೂರಿನ ಕಚೇರಿಗೇ ಬಂದು ಅಲ್ಲಿಂದ ಹೋಗಬೇಕು. ಮಡಗಾಂವದಲ್ಲಿ ಆ ಫಾರಂ ತುಂಬಿದವನು ನಾನೇ. ಪೊಲೀಸರ ಕೆಲಸ, ಆಸ್ಪತ್ರೆಯ ಕೆಲಸ ಮುಗಿಸಿ ಒಂದು ವ್ಯಾನು ಮಾಡಿಕೊಂಡು ಸಿದ್ದಣ್ಣನನ್ನು ಊರಿಗೆ ತಂದೆವು. ದಾರಿಯುದ್ದಕ್ಕೂ ಶಿವಲೀಲಾ ಒಂದೇ ಮಾತು ಹೇಳಿದಳು: "ನನ್ನ ಚಪ್ಪಲಿಗಿ ಹೋದ್ರು." ಅದು ನಿನ್ನ ಚಪ್ಪಲಿಗಲ್ಲವ್ವ, ನನ್ನ ಸುಳ್ಳಿಗೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಮುಂದೆ ಆಕೆಗೆ ಗಂಡನ ಕೆಲಸ ಸಿಕ್ಕಿತು. ನನ್ನ ಪಕ್ಕದ ಮೇಜಿನಲ್ಲೇ ವರ್ಷಗಟ್ಟಲೆ ಕೂತು ಮನಿಯಾರ್ಡರ್ ಬರೆದಳು. ನನ್ನನ್ನು ಅಣ್ಣಾರ ಎಂದೇ ಕರೆದಳು. ಹಬ್ಬಕ್ಕೆ ಹೋಳಿಗೆ ತಂದುಕೊಟ್ಟಳು. ನಾನು ತಿಂದೆ.

ಹುಲುಗಪ್ಪನಿಗೆ ಹೇಳಿದ್ದು ಬಹಳ ವರ್ಷಗಳಾದ ಮೇಲೆ, ಮಾಗಳದಲ್ಲಿ, ಹೊಳೆ ದಂಡೆಯಲ್ಲಿ. ಪೂರ್ತಿ ಕೇಳಿ ಅವನು, "ಹಂಗಾರ ಅವತ್ತು ನಿನಗ ಏನೂ ಆಗಿದ್ದಿಲ್ಲ?" ಎಂದು ಮಾತ್ರ ಕೇಳಿದ. ಇಲ್ಲ ಎಂದೆ. ಅವನು ಹೊಳೆಯ ಕಡೆ ತಿರುಗಿದ. ಆಮೇಲೆ, "ಆಕಿಗಿ ಹೇಳಬ್ಯಾಡಲೇ" ಎಂದು ಎದ್ದು ಹೋದ. ಆ ಮೇಲೂ ನಾವು ಭೇಟಿಯಾದೆವು, ಮಾತಾಡಿದೆವು. ಆದರೆ ಅವನು ಮತ್ತೆ ನನ್ನ ಬೆನ್ನ ಮೇಲೆ ಕೈ ಹಾಕಲಿಲ್ಲ. ಕಾಮಾಲೆಯಾಗಿ, ತನ್ನ ಮನೆಯಲ್ಲೇ, ಮಕ್ಕಳ ನಡುವೆ ತೀರಿಕೊಂಡ.

ನನಗೆ ನಾನೇ ಎಲ್ಲ ವಿವರಣೆಗಳನ್ನೂ ಕೊಟ್ಟುಕೊಂಡಿದ್ದೇನೆ. ಬಿಸಿಲಿನಿಂದ ಕತ್ತಲೆಗೆ ಬಂದ ಕಣ್ಣು, ಹುಳಿ ಗಾಳಿ, ರೈಲಿನ ನಿದ್ದೆಗೇಡು. ಆ ಮುದುಕಿಯ ಕಣ್ಣೂ ಮಂದ ಎಂದು ಒಪ್ಪೋಣ. ಆದರೆ ಒಂದು ಮಾತು ಯಾವುದರಲ್ಲೂ ಹೊಂದುವುದಿಲ್ಲ. ಈಜಲು ಹೋಗುವವನು ಅಂಗಿ ತೊಟ್ಟು ಹೋಗುವುದಿಲ್ಲ. ನಾನು ಕಂಡವನ ಮೈಮೇಲೆ ಅಂಗಿ ಇತ್ತು. ಆ ಅಂಗಿಯನ್ನು ಮತ್ತೆ ತೊಡಿಸಿದ್ದು ನನ್ನ ಸುಳ್ಳು. ಹಾಗಾದರೆ ಆ ಸುಳ್ಳು ನನ್ನ ತಲೆಯಲ್ಲಿ ಹುಟ್ಟುವ ಮೊದಲೇ ಅಲ್ಲಿ ನಿಂತಿತ್ತೇ? ನಾನು ತೆಪ್ಪಗಿದ್ದಿದ್ದರೆ ಏನಾಗುತ್ತಿತ್ತು? ಹುಲುಗಪ್ಪ ಬರಿಮೈಯಲ್ಲಿ ಈಜುತ್ತಿದ್ದ, ಸಿದ್ದಣ್ಣನ ರಟ್ಟೆ ಹಿಡಿದು ಬೈಯುತ್ತ ದಡಕ್ಕೆ ಎಳೆದು ತರುತ್ತಿದ್ದ ಎಂದು ಒಂದು ದಿನ ಅನ್ನಿಸುತ್ತದೆ. ಇಬ್ಬರೂ ಹೋಗುತ್ತಿದ್ದರು ಎಂದು ಇನ್ನೊಂದು ದಿನ.

ಹುಲುಗಪ್ಪನ ಮಣ್ಣು ಮುಗಿದ ಮೇಲೆ, ಅವನ ಮಾತು ಮೀರಿ, ನಾನು ಉಜ್ಜಿನಿಗೆ ಹೋದೆ. ಶಿವಲೀಲಾ ನಿವೃತ್ತಿಯಾಗಿ ಮೈದುನನ ಮನೆಯಲ್ಲಿದ್ದಾಳೆ. ಚಹಾ ಕೊಟ್ಟು ಎದುರಿಗೆ ಕೂತಳು. ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಎದೆನೋವಿನ ಸುಳ್ಳನ್ನೂ, ಸಿದ್ದಣ್ಣನನ್ನು ನಾನೇ ಸಮುದ್ರದ ಕಡೆ ಕಳಿಸಿದ್ದನ್ನೂ. ಮುಗಿದ ಮೇಲೆ ಆಕೆ ಕೇಳಿದಳು:

"ಅಣ್ಣಾರ, ಆ ಕತ್ತಲಾಗ ನಿಂತಿದ್ನಲ್ರಿ ಹುಲುಗಪ್ಪಣ್ಣ. ಅವನ ಕೈಯಾಗ ನಮ್ಮವ್ರು ಇದ್ರೇನ್ರಿ? ಇದ್ರ, ಜೀವ ಇತ್ತೇನ್ರಿ?"

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಆಕೆಗೆ ಇನ್ನೊಂದು ಸುಳ್ಳು ಹೇಳಬಹುದಿತ್ತು.

"ಕೈ ಕಾಣಲಿಲ್ಲವ್ವ. ಪೀಪಾಯಿ ಅಡ್ಡ ಇತ್ತು."

"ಹ್ಞೂಂ" ಎಂದಳು. ಎರಡೂ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಕಾದೆ. ಒಳಗೆ ನೀರು ಬಿಟ್ಟ ಸದ್ದು ಕೇಳಿ ನಿಂತಿತು. ಕಡೆಗೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಹೊರಗೆ ಬಂದು ಬಾಗಿಲ ಬಳಿ ನಿಂತು, "ಅಕ್ಕ ಮಕ್ಕೊಂಡಾಳ್ರಿ. ನೀವು ಹೋಗಿ ಬರ್ರಿ" ಎಂದಳು.